ಚೆನ್ನೆಗುಳಿಯ ಮೇಲಿನ ಗೋಣಿ

"ಇದನ್ನ್ ಮುಚ್ಚಿದ್ದ್ ಯಾರ್, ಕೊರಗ?"

ಕೊರಗ ಮೇಸ್ತ್ರಿ ಕೈಯಲ್ಲಿದ್ದ ಕರಣೆಯನ್ನು ಗಾರೆಯ ಬಾಣಲೆಗೆ ಹಾಕಿ ಎದ್ದು ನಿಂತ. ಅವನ ಮುಖದಲ್ಲಿ ಬೆವರಿಗಿಂತ ಹೆದರಿಕೆ ಹೆಚ್ಚಾಗಿತ್ತು.

"ನಾನಲ್ಲ ನರ್ಸಮ್ಮ. ನನ್ನ ಜನವೂ ಅಲ್ಲ. ಮೊನ್ನೆ ಆ ಗುಳಿಗಳಿಗೆ ತುಂಬುಕೆ ಅಂದೇಳಿ ಗಾರೆ ಕಲ್ಸಿಟ್ಟ್ ಊಟಕ್ಕ್ ಹೋದೆ. ತಿರ್ಗಿ ಬಂದ್ ಕಂಡ್ರೆ ಹೀಂಗೆ ಗೋಣಿ ಮುಚ್ಚಿತ್ತ್. ನಾನ್ ಮುಟ್ಟುಕೆ ಹೋಯಿಲ್ಲೆ."

"ಎಂತಕ್ಕೆ?"

ಕೊರಗ ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಅದ್ ಜಲಜಮ್ಮ ಕೂಕಂತಿದ್ದ ಜಾಗ ಅಂಬ್ರ್. ಸತ್ತೋರ ಜಾಗಕ್ಕೆ ಗಾರೆ ಹಾಕುಕೆ ನಂಗೂ ಮನಸ್ಸಿರ್ಲಿಲ್ಲೆ. ಒಡೇರ್ ಹೇಳಿದ್ರ್, ಅದ್ಕೆ ಹೊರಟೆ."

"ಗೋಣಿ ಮುಚ್ಚಿದ್ದನ್ನ್ ಒಡೇರ್ ಕಂಡ್ರಾ?"

"ಕಂಡ್ರ್. ಕಂಡೂ ಎಂತ ಹೇಳ್ಲಿಲ್ಲೆ. ನೆಲದ ಕೆಲ್ಸ ಮೊದ್ಲ್ ಮುಗ್ಸ್ ಅಂದ್ರ್, ಅಷ್ಟೇ."

ಸ್ವರ್ಣಲತಾ 'ಹೂಂ' ಎಂದರು. ಆ ಮಾತನ್ನು ಮನಸ್ಸಿನಲ್ಲೇ ಒಂದು ಕಡೆ ಎತ್ತಿಟ್ಟರು.

ಬ್ರಹ್ಮಾವರ, ಬಾರ್ಕೂರು ಸುತ್ತಿನಲ್ಲಿ ಅರ್ಧ ಊರಿನ ಮಕ್ಕಳನ್ನು ಕೈಯಲ್ಲಿ ಹಿಡಿದು ಈ ಲೋಕಕ್ಕೆ ತಂದ ಸರ್ಕಾರಿ ಸೂಲಗಿತ್ತಿ ಅವರು. ಈಗ ನಿವೃತ್ತಿಯಾಗಿತ್ತು. ಮನೆಯ ಮಾತು ಪೊಲೀಸ್ ಠಾಣೆಗೆ ಹೋಗಬಾರದು, ಆದರೆ ನಿಜ ಗೊತ್ತಾಗಬೇಕು ಎನ್ನುವವರು ಅವರಿಗೆ ಹೇಳಿಕಳಿಸುತ್ತಿದ್ದರು. ಈ ಸಲ ಹೇಳಿಕಳಿಸಿದವಳು ಹಂಗಾರಕಟ್ಟೆಯ ಈ ಮನೆಯ ಭೋಜರಾಜ ಶೆಟ್ಟರ ಹೆಂಡತಿ ಪ್ರಭಾವತಿ.

ಶೆಟ್ಟರ ತಂಗಿ ಜಲಜ ಎಂಟು ವರ್ಷದ ಹಿಂದೆ ಹೊಳೆಯ ಪಾಲಾದಳೆಂದು ಊರೆಲ್ಲ ನಂಬಿತ್ತು. ಹೆಣ ಮಾತ್ರ ಸಿಕ್ಕಿರಲಿಲ್ಲ.

ಸ್ವರ್ಣಲತಾ ಚಾವಡಿಯನ್ನು ಮತ್ತೊಮ್ಮೆ ಸುತ್ತಿ ನೋಡಿದರು. ಮಂಗಳೂರಿನಿಂದ ಮಂಜಿ ಹಡಗಿನಲ್ಲಿ ಬಂದಿಳಿದ ಬಣ್ಣದ ಸಿಮೆಂಟ್ ಟೈಲ್ಸುಗಳು ಮೂಲೆಯಲ್ಲಿ ಸಾಲಾಗಿ ನಿಂತಿದ್ದವು. ಅರ್ಧ ನೆಲ ಆಗಿತ್ತು. ಅದರ ಮೇಲೆ ನಡೆಯಲು ಹಲಗೆ ಹಾಸಿದ್ದರು. ಪ್ರಭಾವತಿ ಬಹಳ ಅಚ್ಚುಕಟ್ಟಿನ ಹೆಣ್ಣು. ಕೆತ್ತನೆಯ ಕಂಬಗಳಿಗೆ ಗೋಣಿ ಸುತ್ತಿಸಿದ್ದಳು. ನಿಲುವುಗನ್ನಡಿಗೆ ಹಳೇ ಸೀರೆ ಹೊದೆಸಿ, ಮೇಲೆ ಚಾಪೆ ಕಟ್ಟಿಸಿದ್ದಳು. ಉಯ್ಯಾಲೆಯನ್ನು ಬಿಚ್ಚಿ ಅಟ್ಟಕ್ಕೆ ಹಾಕಿಸಿದ್ದಳು. ಹೊಸ್ತಿಲಿನ ಹಿತ್ತಾಳೆ ಪಟ್ಟಿಗೂ ಬಟ್ಟೆ ಸುತ್ತಿತ್ತು. ಸಿಮೆಂಟು ಬಿದ್ದು ಒಣಗಿದರೆ ಆಮೇಲೆ ಕೆರೆದು ತೆಗೆಯಬೇಕು; ಕೆರೆದರೆ ಹೊಳಪು ಹೋಗುತ್ತದೆ.

ಆದರೆ ಜಗಲಿಯ ದಿಂಡನ್ನು ಮುಚ್ಚಿದವಳು ಅವಳಲ್ಲ.

ಎರಡು ಕಂಬಗಳ ನಡುವೆ ಮೊಣಕಾಲೆತ್ತರಕ್ಕೆ ಕಟ್ಟಿದ ದಿಂಡು ಅದು. ಇದ್ದಿಲು, ಸುಣ್ಣ ಹಾಕಿ ತಿಕ್ಕಿ ತಿಕ್ಕಿ ಕನ್ನಡಿಯಂತೆ ಮಾಡಿದ ಕರಿ ಮೈ. ಅದರ ನಡುವೆ, ಗುಳಿಯಿಂದ ಗುಳಿಗೆ ಬೀಜ ಬಿತ್ತುತ್ತ ಆಡುವ ಚೆನ್ನೆಯಾಟಕ್ಕೆಂದು ತೋಡಿದ ಗುಳಿಗಳು, ಏಳೇಳರಂತೆ ಎರಡು ಸಾಲು. ಈಗ ಅದರ ಮೇಲೆ ಗೋಣಿ. ಒಂದು ತುದಿಯನ್ನು ಹುರಿಯಿಂದ ಕಂಬಕ್ಕೆ ಕಟ್ಟಿತ್ತು, ಇನ್ನೊಂದು ತುದಿಯ ಮೇಲೆ ಒಡೆದ ಟೈಲ್ಸೊಂದನ್ನು ಭಾರಕ್ಕೆ ಇಟ್ಟಿತ್ತು.

ಅವರು ಆ ಭಾರ ಸರಿಸಿ ಗೋಣಿಯ ಮೂಲೆಯನ್ನಷ್ಟೇ ಎತ್ತಿದರು. ಗೋಣಿಯ ಕೆಳಗೆ ಇನ್ನೊಂದು ಹೊದಿಕೆಯಿತ್ತು. ಹಳೇ ಸೀರೆಯ ತುಂಡು, ಎರಡು ಮಡಿಕೆ ಮಾಡಿ, ಅಂಚುಗಳನ್ನು ಒಳಕ್ಕೆ ಸೇರಿಸಿ ಹಾಸಿದ್ದು. ಬೆರಳಿಗೆ ಎಣ್ಣೆ ಹತ್ತಿತು. ಮೂಗಿಗೆ ಹಿಡಿದರು. ಮೀನೆಣ್ಣೆ.

ಬಗ್ಗಿ ಪಕ್ಕದ ಕಂಬದ ಬುಡ ಮುಟ್ಟಿದರು. ಪ್ರಭಾವತಿಯ ಗೋಣಿ ಅಲ್ಲಿಯವರೆಗೆ ಇಳಿದಿರಲಿಲ್ಲ. ಅಲ್ಲೂ ಎಣ್ಣೆ. ಮೇಲೆ ಸಿಡಿದ ಸಿಮೆಂಟಿನ ಹನಿ ಉಗುರು ತಾಗಿಸಿದರೆ ಸಾಕು, ಕಲೆ ಬಿಡದೆ ಉದುರಿತು.

ಮೇಲೆ ಒಂದು ಕೈ, ಕೆಳಗೆ ಇನ್ನೊಂದು ಕೈ. ಗೋಣಿ ಕಟ್ಟಿದವರು ಅವಸರದಲ್ಲಿ ಕಟ್ಟಿದ್ದರು. ಸೀರೆ ಹಾಸಿದವರಿಗೆ ಅವಸರವೇ ಇರಲಿಲ್ಲ.

ಗೋಣಿಯನ್ನು ಪೂರ್ತಿ ತೆಗೆಯದೆ ಮೊದಲಿನಂತೆ ಮುಚ್ಚಿ ಅವರು ಒಳಗೆ ನಡೆದರು.

ಪ್ರಭಾವತಿ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಚಾಪೆಯ ಮೇಲೆ ಒರಗಿದ್ದಳು. ಬಸಿರಿಗೆ ಐದು ತಿಂಗಳಾಗಿತ್ತು. ಬೈಂದೂರಿನ ತಾಯಿಮನೆಯಿಂದ ಅವಳು ಮದುವೆಯಾಗಿ ಬರುವಾಗಲೇ ಜಲಜಳ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಒಂದು ಪಟವೂ ಗೋಡೆಯ ಮೇಲಿರಲಿಲ್ಲ.

"ಮತ್ತೆ ವಾಂತಿಯಾ?" ಸ್ವರ್ಣಲತಾ ಅವಳ ಕೈ ಹಿಡಿದು ನಾಡಿ ನೋಡಿದರು.

"ನಿಂತಿತ್ತ್ ಸ್ವರ್ಣಕ್ಕ. ನಿನ್ನೆಯಿಂದ ಮತ್ತೆ. ಚಾವಡಿಗ್ ಹೋದ್ರೆ ಮೀನ್ ವಾಸ್ನೆ ಬತ್ತ್. ಹೇಳಿದ್ರೆ ಇವ್ರ್ ನೆಗಾಡ್ತ್ರ್. ಹಂಗಾರಕಟ್ಟೆಯಲ್ ಮೀನ್ ವಾಸ್ನೆ ಅಲ್ದೆ ಮತ್ತೆಂತ ಬತ್ತ್ ಅಂತ್ರ್."

"ನಿನ್ನ ಮೂಗ್ ಸಮ ಇತ್ತ್ ಮಾರಾಯ್ತಿ. ವಾಸ್ನೆ ಇಪ್ಪುದ್ ಹೌದು."

ಪ್ರಭಾವತಿ ಎದ್ದು ಕುಳಿತಳು. "ಹಾಂಗಾರೆ... ಊರೋರ್ ಹೇಳುದ್ ಸುಳ್ಳಾ? ಆ ಹೆಣ್ಣಿನ ಜೀವ ಬಂದ್ ಮುಚ್ಚಿ ಹೋತ್ ಅಂಬ್ರ್."

"ಜೀವ ಹೋದೋರಿಗೆ ಎಣ್ಣೆ ಎಂತಕ್ಕೆ? ನೀ ಹೆದರ್ಬೇಡ."

"ನಂಗ್ ಹೆದ್ರಿಕೆ ಇಲ್ಲೆ ಅಕ್ಕ," ಪ್ರಭಾವತಿ ಮೆಲ್ಲಗೆ ಹೇಳಿದಳು. "ಪಾಪ ಅನ್ಸ್ತ್. ಯಾರೋ ಅಷ್ಟ್ ಆಸೆಯಿಂದ ಕಾಪಾಡುದನ್ನ್ ನಾವ್ ಗಾರೆ ಹಾಕಿ ಮುಚ್ಚುಕೆ ಹೊರಟದ್ದ್ ಅಲ್ದಾ? ಮಗು ಅಂಬೆಗಾಲ್ ಹಾಕುವಾಗ ನೆಲ ನುಣ್ಣಗೆ ಇರ್ಲಿ ಅಂದೆ ಅಷ್ಟೇ. ದಿಂಡ್ ಮುಚ್ಚಿ ಅಂದ್ ನಾನ್ ಹೇಳ್ಲಿಲ್ಲೆ. ಅದ್ ಇವ್ರದ್ದೇ ಹಟ."

ಹಿತ್ತಿಲಲ್ಲಿ "ಮೀನ್ ಬೇಕಾ ಅಮ್ಮಾ?" ಎಂಬ ಕೂಗು ಕೇಳಿತು. ಸ್ವರ್ಣಲತಾ ಎದ್ದು ಹೊರಗೆ ಹೋದರು.

ವನಜ ಬುಟ್ಟಿ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಬಾಯಿ ಜೋರು, ಮನಸ್ಸು ಮೆದು. ಈ ಮನೆಗೆ ಮೀನು ಹಾಕಲು ಶುರುಮಾಡಿ ಎರಡು ವರ್ಷವಾಗಿತ್ತು.

"ವನಜ, ಈ ಮನೆಗೆ ಮೀನೆಣ್ಣೆ ಯಾರಿಗೆ ಕೊಟ್ಟೆ?"

"ನಾನಾ?" ಅವಳ ಕೈ ಸೊಂಟಕ್ಕೆ ಹೋಯಿತು. "ಕೊಟ್ರೆ ತಪ್ಪಾ? ಕದ್ದದ್ದಲ್ಲ. ನನ್ನ ಗಂಡ ದೋಣಿಗ್ ಹಚ್ಚುದೇ ಅದನ್ನ್."

"ತಪ್ಪಲ್ಲ. ಯಾರಿಗ್ ಅಂದ್ ಕೇಂಡೆ."

"ಗಾರೆಗೆ ಹೊಯಿಗೆ ಹೊರುಕೆ ಬಪ್ಪ ಹೆಂಗ್ಸ್ ಒಬ್ಳಿಗೆ. ಸಿಮೆಂಟ್ ಹಿಡ್ದ್ ಹಿಡ್ದ್ ಕೈ ಒಡ್ದಿತ್ ಅಂದ್ಳ್. ಕಂಡ್ರೆ ಅಂಗೈ ಎಲ್ಲ ಬಿರ್ಕ್. ಒಂದ್ ಗರಟೆ ತಂದ್ ಕೊಟ್ಟೆ. ಕಷ್ಟದ ಜೀವ, ಪಾಪ. ಮಾತೇ ಇಲ್ಲೆ ಅದ್ಕೆ."

"ಯಾರ್ ಅವ್ಳ್?"

"ಹೆಸ್ರ್ ಕೇಣ್ಲಿಲ್ಲೆ ಮಾರಾಯ್ರೆ. ತಲೆಗೆ ಬೈರಾಸ್ ಸುತ್ತಿ ಕಣ್ಣಿನ ತನಕ ಎಳ್ಕಂಡಿರ್ತ್ಳ್."

ಸ್ವರ್ಣಲತಾ ಹಲಸಿನ ಮರದ ಬುಡದತ್ತ ನೋಡಿದರು. ಆಳುಗಳು ಊಟಕ್ಕೆ ಕುಳಿತಿದ್ದರು. ಗಂಡಸರು ಒಂದು ಕಡೆ, ಮೂವರು ಹೆಂಗಸರು ಇನ್ನೊಂದು ಕಡೆ. ಅವರಲ್ಲಿ ತಲೆಗೆ ಬೈರಾಸು ಸುತ್ತಿದವಳು ಯಾರೂ ಇರಲಿಲ್ಲ. ಕೈ ತೊಳೆಯಲು ಬಾವಿಕಟ್ಟೆಗೆ ಹೋಗಿರಬಹುದು ಎಂದುಕೊಂಡರು. ಮೊದಲು ಗೋಣಿಯ ಲೆಕ್ಕ ಮುಗಿಯಬೇಕಿತ್ತು.

ಭೋಜರಾಜ ಶೆಟ್ಟರು ಹೊರಜಗಲಿಯಲ್ಲಿ ಆರಾಮಕುರ್ಚಿಯ ಮೇಲಿದ್ದರು. ಬೊಂಬಾಯಿಯಲ್ಲಿ ಹೋಟೆಲು. ದಪ್ಪ ಮೀಸೆ, ಗಡಸು ದನಿ. ಆಳುಗಳು ಅವರ ಎದುರು ಕೆಮ್ಮಲೂ ಹೆದರುತ್ತಿದ್ದರು.

"ಶೆಟ್ರೆ, ನಿಮ್ಮ ಹೋಟೆಲಲ್ಲ್ ಪಾರ್ಸೆಲ್ ಕಟ್ಟುದ್ ಯಾರ್?"

ಶೆಟ್ಟರು ನಕ್ಕರು. "ಈಗ ಹುಡ್ಗ್ರ್ ಇದ್ದೊ. ಮೊದ್ಲ್ ನಾನೇ ಕಟ್ಟ್ತಿದ್ದೆ. ಎಂತಕ್ಕೆ ಸ್ವರ್ಣಕ್ಕ?"

"ಒಂದ್ ಗಂಟ್ ಬಿಚ್ಚುಕೆ ನಂಗ್ ಬತ್ತಿಲ್ಲೆ. ಸ್ವಲ್ಪ ಬಂದ್ ಕಾಣಿ."

ನಗುತ್ತಲೇ ಎದ್ದು ಬಂದವರು ದಿಂಡಿನ ಹತ್ತಿರ ನಿಂತುಬಿಟ್ಟರು. ಕಂಬಕ್ಕೆ ಕಟ್ಟಿದ ಹುರಿಯ ಗಂಟಿನಲ್ಲಿ ಬೆರಳು ತೂರುವಷ್ಟು ಕುಣಿಕೆ ಬಿಟ್ಟಿತ್ತು. ಇಡ್ಲಿಯ ಪೊಟ್ಟಣವನ್ನು ಗಿರಾಕಿ ಬೆರಳಿಗೆ ಸಿಕ್ಕಿಸಿಕೊಂಡು ಟ್ರಾಮಿಗೆ ಓಡಲು ಅನುಕೂಲವಾಗುವಂಥ ಕುಣಿಕೆ.

"ಈ ಊರಲ್ಲ್ ಯಾರೂ ಹೀಂಗೆ ಗಂಟ್ ಹಾಕುದಿಲ್ಲೆ," ಎಂದರು ಸ್ವರ್ಣಲತಾ.

"ನಂಗೆಂತ ಗೊತ್ತ್?"

"ನಿಮ್ಮ ಮಾತಿಗೆ ಅಡ್ಡ ಬಂದ್ ಗೋಣಿ ಮುಚ್ಚಿರೆ ನೀವ್ ಬೊಬ್ಬೆ ಹಾಕಿ ಮನೆ ಹಾರ್ಸ್ಕಿತ್ತ್. ನೀವ್ ಸುಮ್ನಿದ್ರಿ."

"ಸ್ವರ್ಣಕ್ಕ, ನಿಮ್ಮನ್ನ್ ಕರ್ಸಿದ್ದ್ ಪ್ರಭಾವತಿ. ಅವ್ಳ ಆರೋಗ್ಯ ಕಂಡ್ಕಂಡ್ ಹೋಯ್ನಿ." ದನಿ ಏರಿತ್ತು.

"ಅವ್ಳ ಆರೋಗ್ಯ ಚಂದ ಇತ್ತ್. ನಿಮ್ದೇ ಸಮ ಇಲ್ಲೆ."

ಶೆಟ್ಟರು ತಿರುಗಿ ಹೋಗಲು ಎರಡು ಹೆಜ್ಜೆ ಇಟ್ಟರು. ಹೋಗಲಿಲ್ಲ. ಕಂಬಕ್ಕೆ ಕೈ ಊರಿ ಬೆನ್ನು ಮಾಡಿಯೇ ಮಾತಾಡಿದರು.

"ಬೊಂಬಾಯಲ್ ಕೂಕಂಡ್ ಹೇಳುದ್ ಸುಲಭ ಇತ್ತ್. ಎಲ್ಲ ಹೊಸ್ತ್ ಮಾಡ್ವ, ಆ ಗುಳಿಯೂ ಮುಚ್ಚಿ ಹೋಯ್ಲಿ ಅಂದಿದ್ದೆ. ಮೊನ್ನೆ ಕೊರಗ ಗಾರೆ ಕಲ್ಸಿದ್ ಕಂಡ್ ಆಯ್ಲಿಲ್ಲೆ ಅಕ್ಕ. ಆಳ್‌ಗಳ ಎದ್ರಿಗೆ ಬೇಡ ಅಂಬುಕೂ ಬಾಯಿ ಬರ್ಲಿಲ್ಲೆ. ಎಂಟ್ ವರ್ಷ ಅವ್ಳ ಹೆಸ್ರ್ ಎತ್ತುಕಾಗ ಅಂದವ ನಾನೇ ಅಲ್ದಾ?"

"ಅಷ್ಟ್ ಕೋಪ ಎಂತಕ್ಕೆ?"

"ಹೇಳದ್ದೆ ಹೋದ್ಳಲೆ!" ಶೆಟ್ಟರು ಥಟ್ಟನೆ ತಿರುಗಿದರು. "ಎಂತ ಕಷ್ಟ ಇತ್ತೋ ನಂಗ್ ಒಂದ್ ಮಾತ್ ಹೇಳುಕಾಗ್ತಿರ್ಲಿಲ್ಯಾ? ಮದ್ವೆ ಬೇಡ ಅಂದಿದ್ರೆ ಬೇಡ ಅಂತಿದ್ದೆ. ಬೇರೆ ಯಾರಾರೂ ಬೇಕ್ ಅಂದಿದ್ರೆ ಹೋಯ್ ಕೇಂತಿದ್ದೆ. ಹಿಂದಿನ ದಿನ ಸಂಜಿ ಇಲ್ಲೇ ಕೂಕಂಡ್ ಆಡಿ, ನನ್ನನ್ನ್ ಸೋಲ್ಸಿ, ನೆಗಾಡಿ, ಮರುದಿನ ಹೊಳೆಗ್ ಹೋದ್ಳ್ ಅಂದ್ರೆ ನಾನ್ ಎಂತ ಅಂದ್ಕಂಬುದ್? ಎಂತಕ್ಕೆ ಅಂಬುದೇ ಇವತ್ತಿಗೂ ಗೊತ್ತಿಲ್ಲೆ."

ಸ್ವರ್ಣಲತಾ ಅವರ ಪಕ್ಕಕ್ಕೆ ಬಂದು ನಿಂತರು. ಶೆಟ್ಟರು ಕಣ್ಣು ಒರೆಸಿಕೊಳ್ಳುವವರೆಗೆ ಕಾದು ಮೆಲ್ಲಗೆ ಕೇಳಿದರು.

"ಮುಚ್ಚುವಾಗ ಮತ್ತೆಂತ ಮಾಡಿದ್ರಿ?"

"ಎಂತಕ್ಕೆ ಅಂದ್ ಕೇಣ್ಬೇಡಿ. ಖಾಲಿ ಗುಳಿ ಕಾಂಬುಕೆ ಆಯ್ಲಿಲ್ಲೆ. ನಮ್ಮನ್ನ್ ಹೆತ್ತ ಅಬ್ಬಿಯ ಹಿತ್ತಾಳೆ ಡಬ್ಬಿಯಲ್ ಮಂಜೊಟ್ಟಿ ಬೀಜ ಇದ್ದಿತ್. ಆಟ ಶುರು ಮಾಡುಕೆ ಇಟ್ಟಾಂಗೆ ಗುಳಿಗ್ ನಾಲ್ಕ್ ನಾಲ್ಕ್ ಹಾಕಿ ಮುಚ್ಚಿದೆ."

"ಎಣ್ಣೆ ಹಚ್ಚಿದ ಸೀರೆ ಹಾಸಿದ್ದೂ ನೀವೇಯಾ?"

"ಎಂತ ಎಣ್ಣೆ?"

ಅವರ ಮುಖದಲ್ಲಿ ಸುಳ್ಳಿರಲಿಲ್ಲ.

"ಭಾರ ತೆಗೀನಿ," ಎಂದರು ಸ್ವರ್ಣಲತಾ. "ಇಬ್ರೂ ಕೂಡಿ ಕಾಂಬ."

ಗೋಣಿ ಸರಿಯಿತು. ಎಣ್ಣೆ ಸೀರೆಯನ್ನು ಸ್ವರ್ಣಲತಾ ಎರಡೂ ಕೈಯಲ್ಲಿ ಎತ್ತಿದರು. ದಿಂಡಿನ ಕರಿ ಮೈ ಹಾಗೆಯೇ ಇತ್ತು. ಸುತ್ತಮುತ್ತ ಎರಡು ದಿನದಿಂದ ಸಿಮೆಂಟು ಹಾರುತ್ತಿದ್ದರೂ ಅಲ್ಲಿ ಒಂದು ಕಣ ಧೂಳಿಲ್ಲ. ಗುಳಿಗಳಲ್ಲಿ ಮಂಜೊಟ್ಟಿ ಬೀಜಗಳು ಕೆಂಪಗೆ ಹೊಳೆಯುತ್ತಿದ್ದವು.

ಶೆಟ್ಟರು ಬಗ್ಗಿದರು. ಬಗ್ಗಿದವರು ಏಳಲಿಲ್ಲ.

ಗೋಡೆ ಕಡೆಯ ಸಾಲಿನಲ್ಲಿ ಒಂದು ಗುಳಿ ಖಾಲಿಯಾಗಿತ್ತು. ಅದರ ಎಡಪಕ್ಕದ ನಾಲ್ಕು ಗುಳಿಗಳಲ್ಲಿ ಐದೈದು ಬೀಜ.

"ಯಾರೋ ಮೊದ್ಲ್ ಕೈ ಆಡೀರ್," ಎಂದರು ಸ್ವರ್ಣಲತಾ.

"ಯಾರೋ ಅಲ್ಲ..." ಶೆಟ್ಟರು ಖಾಲಿ ಗುಳಿಯತ್ತ ಬೆರಳು ತೋರಿಸಿದರು. "ಕಾಣಿ ಅಕ್ಕ, ಎಡಕ್ಕೆ ಬಿತ್ತಿತ್ತ್. ಎಲ್ಲರೂ ಬಲಕ್ಕೆ ಬಿತ್ತುದ್. ಎಡಕ್ಕೆ ಬಿತ್ತುದ್ ಅವ್ಳ್ ಒಬ್ಳೇ. ಅಬ್ಬಿ ಎಷ್ಟ್ ಬೈದ್ರೂ ಬಿಡ್ಲಿಲ್ಲೆ. ಮೊದ್ಲ್ ಕೈ ಬಿತ್ತಿ ನಿಲ್ಸಿ, ನನ್ನ ಮುಖ ಕಂಡ್, ಆಮೇಲೆ ಮುಂದಿನ ಗುಳಿಗೆ ಕೈ ಹಾಕ್ತಿದ್ಳ್. ಹೀಂಗೇ. ಇಲ್ಲಿಗೇ ನಿಲ್ಸಿ..."

ನಲವತ್ತು ದಾಟಿದ ಆ ದೊಡ್ಡ ಮನುಷ್ಯ ದಿಂಡಿನ ಪಕ್ಕ ನೆಲದಲ್ಲೇ ಕುಳಿತರು. ಬೀಜಗಳನ್ನು ಮುಟ್ಟಲಿಲ್ಲ. ಮುಟ್ಟಿದರೆ ಅವು ಮಾಯವಾಗುತ್ತವೆ ಎಂಬಂತೆ ಕೈಯನ್ನು ಮೇಲೆಯೇ ಹಿಡಿದಿದ್ದರು.

ಒಳಬಾಗಿಲಲ್ಲಿ ಪ್ರಭಾವತಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಗಂಡ ಅತ್ತದ್ದನ್ನು ಅವಳು ಈವರೆಗೆ ನೋಡಿರಲಿಲ್ಲ. ಹಲಗೆಯ ಮೇಲೆ ಹೆಜ್ಜೆಯಿಟ್ಟು ಬಂದು, ಪಕ್ಕದಲ್ಲಿ ಕಷ್ಟಪಟ್ಟು ಕುಳಿತು, ಅವರ ಹೆಗಲ ಮೇಲೆ ಕೈ ಇಟ್ಟಳು.

"ಅವ್ರ್ ಇದ್ರಾ?" ಎಂದು ಕೇಳಿದಳು. ಅವಳ ಕಣ್ಣಲ್ಲೂ ನೀರಿತ್ತು. "ನಮ್ಮ ಜಲಜಕ್ಕ ಬದ್ಕಿದ್ರಾ?"

ನಮ್ಮ ಜಲಜಕ್ಕ. ಮುಖವನ್ನೇ ನೋಡದವಳ ಬಾಯಲ್ಲಿ ಆ ಹೆಸರು ಎಷ್ಟು ಸಲೀಸಾಗಿ ಬಂತು ಎಂದು ಶೆಟ್ಟರು ಹೆಂಡತಿಯನ್ನೇ ನೋಡಿದರು.

ಸ್ವರ್ಣಲತಾ ಮಾತ್ರ ಎದ್ದು ಅಂಗಳಕ್ಕೆ ಇಳಿದಾಗಿತ್ತು.

"ಹ್ವಾಯ್ ಕೊರಗ! ಇಲ್ಲಿ ಬಾ. ತಲೆಗೆ ಬೈರಾಸ್ ಸುತ್ತುವ ಹೆಂಗ್ಸ್ ಯಾರ್ ನಿನ್ನ ಜನದಲ್ಲ್?"

"ಸುಗುಣ ಅಂಬುದ್. ಶಿರೂರಿಂದ ಬಂದದ್ದ್. ಈ ಮನೆ ಕೆಲ್ಸ ಸುರು ಆಪುವಾಗ ತಾನೇ ಬಂದ್ ಕೆಲ್ಸ ಕೇಂಡ್ಳ್. ಮಾತಿಲ್ಲೆ ಕತೆ ಇಲ್ಲೆ, ಇಬ್ರ ಕೆಲ್ಸ ಒಬ್ಳೇ ಮಾಡತ್ಳ್."

"ಎಲ್ಲಿ ಅವ್ಳ್?"

ಕೊರಗ ಹಲಸಿನ ಬುಡದತ್ತ ನೋಡಿದ. ತಲೆ ಕೆರೆದುಕೊಂಡ. "ಆಗ ನೀವ್ ಗೇಟ್ ದಾಟಿ ಬಪ್ಪುವಾಗ ಇಲ್ಲೇ ಹೊಯಿಗೆ ಜರಡಿ ಹಿಡೀತಿದ್ಳ್. ಈಗ ಊಟಕ್ಕೂ ಬರ್ಲಿಲ್ಲೆ ಅಂಬ್ರ್ ಹೆಂಗ್ಸ್ರ್. ಅವ್ಳ್ ಹೊಯಿಗೆ ಹೊರುವ ಕುಕ್ಕೆ ಇಲ್ಲೇ ಇತ್ತ್."

ಸ್ವರ್ಣಲತಾಗೆ ಅರ್ಥವಾಯಿತು. ಪ್ರಭಾವತಿ ಜಲಜಳನ್ನು ಹಿಂದೆ ಕಂಡವಳಲ್ಲ. ವನಜ ಬಂದದ್ದು ಈಚೆಗೆ. ಅಣ್ಣ ಆಳು ಹೆಂಗಸರ ಮುಖ ನೋಡುವವರಲ್ಲ. ಆದರೆ ಈ ಸುತ್ತಿನ ಹೆಣ್ಣುಮಕ್ಕಳನ್ನು ನಡೆಯ ಮೇಲೇ ಗುರುತು ಹಿಡಿಯುವ ಹಳೇ ನರ್ಸಮ್ಮ ಗೇಟು ದಾಟಿ ಬಂದಿದ್ದರು.

ಶೆಟ್ಟರು ಜಗಲಿಯ ಅಂಚಿಗೆ ಬಂದು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಬೈರಾಸ್ ಸುತ್ತಿದವ್ಳಾ? ಅವ್ಳಿಗೆ ನಾನ್ ಬೈದಿದ್ದೆ ಅಕ್ಕ. ಕಂಬಕ್ಕೆ ಗಾರೆ ಸಿಡೀತ್ ಅಂದೇಳಿ. 'ಕಣ್ಣ್ ಕಾಂತಿಲ್ಯಾ ನಿಂಗೆ' ಅಂದೆ. ಸೆರಗಲ್ಲ್ ಕಂಬ ಒರ್ಸಿ, ತಲೆ ತಗ್ಗಿಸ್ಕಂಡ್ ಹೋದ್ಳ್. ನನ್ನ ಕಾಲ್ ಬುಡದಲ್ಲೇ ಕೂಕಂಡ್ ಒರ್ಸಿದ್ಳ್..."

"ನಿತ್ಕಂಡ್ ಎಂತ ಕಾಂತ್ರಿ?" ಹಿಂದಿನಿಂದ ಪ್ರಭಾವತಿ ಕೂಗಿದಳು. "ಓಡಿ! ಕಡುವಿಗ್ ಓಡಿ!"

ಶೆಟ್ಟರು ಬರಿಗಾಲಲ್ಲೇ ಓಡಿದರು. ಸ್ವರ್ಣಲತಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಹೋದರು. ದೋಣಿ ಕಟ್ಟುವ ಚಪ್ಪರ ದಾಟಿ, ಬಲೆ ಒಣಹಾಕಿದ ಮರಳಿನಲ್ಲಿ ಕಾಲು ಹೂತು, ಏದುಸಿರು ಬಿಡುತ್ತ ಹೊಳೆ ದಾಟುವ ಕಡುವು ಮುಟ್ಟುವಷ್ಟರಲ್ಲಿ ದೋಣಿ ಬಿಟ್ಟಾಗಿತ್ತು. ಆಚೆ ದಡದ ಬೆಂಗ್ರೆಯ ಕಡೆಗೆ, ಹೊಳೆಯ ಅರ್ಧದಲ್ಲಿತ್ತು.

ದೋಣಿಯಲ್ಲಿ ಇಬ್ಬರೇ. ಹುಟ್ಟು ಹಾಕುವ ಗಂಡಸು, ಈಚೆ ಬೆನ್ನು ಮಾಡಿ ಕುಳಿತ ಹೆಂಗಸು. ಗಾಳಿಗೆ ಬೈರಾಸು ಜಾರಿ ಹೆಗಲಿಗೆ ಬಿದ್ದಿತ್ತು.

"ಜಲಜಾ!"

ಶೆಟ್ಟರ ಕೂಗಿಗೆ ದಡದ ಕಾಗೆಗಳು ಎದ್ದವು. ಹೆಂಗಸು ತಿರುಗಲಿಲ್ಲ. ಅವಳ ಬೆನ್ನು ಮಾತ್ರ ಸೆಟೆಯಿತು.

ತಿರುಗಿದವನು ಹುಟ್ಟು ಹಾಕುವವನು. ಅವನ ಮುಖ ಕಂಡು ಶೆಟ್ಟರು ಸ್ವರ್ಣಲತಾರ ತೋಳು ಗಟ್ಟಿಯಾಗಿ ಹಿಡಿದರು.

"ಅಕ್ಕ... ಅದ್ ಪದ್ದು."

"ಯಾವ ಪದ್ದು?"

"ಅವ್ಳ್ ಮುಳುಗಿದ್ದ್ ಕಣ್ಣಾರೆ ಕಂಡೆ ಅಂದವ. ನಮ್ಮ ಅಬ್ಬಿಯ ಕಾಲ್ ಹಿಡ್ಕಂಡ್, ಉಳ್ಸುಕಾಯ್ಲಿಲ್ಲೆ ಅಮ್ಮ ಅಂದ್ ಅತ್ತವ. ಅವ್ನ ಮಾತ್ ನಂಬಿಯೇ ನಾವ್ ಅವ್ಳ ಕ್ರಿಯೆ, ಬೊಜ್ಜ ಎಲ್ಲ ಮಾಡಿದ್ದ್! ಹಾಂಗಾರೆ ಅವತ್ ಅವ್ಳನ್ನ್ ದಾಟ್ಸಿದ್ದೂ ಇವ್ನೇ!"

ಹೊಳೆಯ ನಡುವೆ ಪದ್ದುವಿನ ಕೈ ಸೋತಿತು. ಹುಟ್ಟು ನೀರಿಗೆ ಜಾರುವುದರಲ್ಲಿತ್ತು. ದೋಣಿ ಇಳಿತದ ಸೆಳವಿಗೆ ಮೂತಿ ತಿರುಗಿಸಿ ಈಚೆ ದಡದತ್ತ ವಾಲಿತು.

ಆಗ ಜಲಜ ಎದ್ದು ನಿಂತಳು. ಅವನ ಕೈಯಿಂದ ಹುಟ್ಟು ಕಿತ್ತುಕೊಂಡಳು. ದೋಣಿಯನ್ನು ತಾನೇ ನೇರ ಮಾಡಿ, ಅಣ್ಣನ ಕೂಗಿಗೆ ಬೆನ್ನು ಕೊಟ್ಟು, ಆಚೆ ದಡಕ್ಕೆ ಜೋರಾಗಿ ಹುಟ್ಟು ಹಾಕತೊಡಗಿದಳು.